ಮಲೆನಾಡಿನ ಹವೆಗೆ ಯಾವ ಯೀಸ್ಟ್, ಯಾವ ಮಾಲ್ಟ್?

ಪ್ರಶ್ನೆ: ಹೊಸನಗರ ತಾಲ್ಲೂಕಿನಲ್ಲಿ ನಮ್ಮದು ಅಡಿಕೆ ತೋಟ, ಜೊತೆಗೊಂದು ಸಣ್ಣ ಹೋಮ್‌ಸ್ಟೇ. ಅಮೆರಿಕದಲ್ಲಿರುವ ಮಗಳು, ಅಳಿಯ ಮನೆಯಲ್ಲೇ ಬಿಯರ್ ಮಾಡುತ್ತಾರೆ. ಈ ಸಲ ಬಂದವರು ಲಾಗರ್ ಯೀಸ್ಟಿನ ಎರಡು ಪೊಟ್ಟಣ, ಸ್ವಲ್ಪ ಹಾಪ್ಸ್ ಬಿಟ್ಟು ಹೋಗಿದ್ದಾರೆ. ನಮ್ಮ ಹವೆಗೆ ಅದು ಆಗುತ್ತದಾ? ಬಾರ್ಲಿ ಬದಲು ರಾಗಿ, ಅಕ್ಕಿ ಹಾಕಬಹುದಾ? ಹಾಪ್ಸ್ ಬಳ್ಳಿಯನ್ನು ಕಾಳುಮೆಣಸಿನ ಹಾಗೆ ಅಡಿಕೆ ಮರಕ್ಕೆ ಹಬ್ಬಿಸಬಹುದಾ? ಅಡಿಕೆ ಬೇಯಿಸುವ ಹಂಡೆ ಸಾಕಾ, ಇನ್ನೇನು ಕೊಳ್ಳಬೇಕು? ಚೆನ್ನಾಗಿ ಬಂದರೆ ಅತಿಥಿಗಳಿಗೂ ಕೊಡೋಣ ಅಂತಿದ್ದೇನೆ.

ಉತ್ತರ: ಕೊನೆಯ ಸಾಲಿನಿಂದಲೇ ಶುರು ಮಾಡುತ್ತೇನೆ. ಅತಿಥಿಗಳಿಗೆ ಕೊಡುವ ಯೋಚನೆ ಇವತ್ತೇ ಬಿಟ್ಟುಬಿಡಿ ಮಾರಾಯ್ರೆ. ಕರ್ನಾಟಕ ಅಬಕಾರಿ ಕಾಯ್ದೆ, 1965ರ ಪ್ರಕಾರ ಪರವಾನಗಿ ಇಲ್ಲದೆ ಮದ್ಯ ತಯಾರಿಸುವುದೇ ಅಪರಾಧ, ಮಾರುವುದು ಆಮೇಲಿನ ಮಾತು. ನಿಮ್ಮ ಮಗಳು ಇರುವ ದೇಶದಲ್ಲಿ ಕತೆ ಬೇರೆ. ಅಲ್ಲಿ 1978ರಲ್ಲಿ ಕಾನೂನು ಬದಲಾಯಿಸಿದರು. ಇಬ್ಬರು ವಯಸ್ಕರಿರುವ ಮನೆಗೆ ವರ್ಷಕ್ಕೆ 200 ಗ್ಯಾಲನ್, ಅಂದರೆ ಸುಮಾರು 750 ಲೀಟರ್ ತನಕ ಸ್ವಂತಕ್ಕೆ ಮಾಡಿಕೊಳ್ಳಲು ಕೇಂದ್ರ ಸರ್ಕಾರದ ತೆರಿಗೆ ಇಲ್ಲ. ನಮ್ಮಲ್ಲಿ ಅಂಥ ರಿಯಾಯಿತಿ ಇಲ್ಲ. ಹಾಗಾಗಿ ಮೊದಲು ಅಬಕಾರಿ ಕಚೇರಿಗೆ ಹೋಗಿ ಬರವಣಿಗೆಯಲ್ಲೇ ಕೇಳಿ. ಆಗಲ್ಲ ಅಂದರೆ, ಕಲಿತದ್ದನ್ನು ಮಗಳ ಮನೆಗೆ ಹೋದಾಗ ಮಾಡಿ ನೋಡಿ. ನೀವು ಕೇಳಿದ್ದು ನಮ್ಮ ಹವೆಯ ಲೆಕ್ಕ, ಅದಕ್ಕೇ ಕೆಳಗಿನ ಮಾತೆಲ್ಲ ಮಲೆನಾಡಿಗೆ ಹೊಂದಿಸಿ ಬರೆದಿದ್ದೇನೆ.

ಬಿಯರ್ ಮಾಡಲು ಹೊರಟವರು ಹೆಚ್ಚಿನವರು ಮೊದಲು ಮಾಲ್ಟ್, ಅಂದರೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ ಹುಡುಕುತ್ತಾರೆ, ಆಮೇಲೆ ಕಹಿ, ಘಮ ಕೊಡುವ ಹಾಪ್ಸ್ ಹೂ. ಯೀಸ್ಟ್ ಯಾವುದಾದರೂ ಆದೀತು ಅಂತ ಕೊನೆಗೆ ಬಿಡುತ್ತಾರೆ. ತಂಪು ದೇಶದಲ್ಲಿ ಅದು ನಡೆಯುತ್ತದೆ. ನಮ್ಮಲ್ಲಿ ನಡೆಯಲ್ಲ. ಇಲ್ಲಿ ಈಗ ಯಾವ ತಿಂಗಳು, ಒಳಕೋಣೆಯಲ್ಲಿ ಎಷ್ಟು ಡಿಗ್ರಿ ಇದೆ ಅಂತ ನೋಡಿ ಯೀಸ್ಟ್ ಆರಿಸಬೇಕು. ಆ ಯೀಸ್ಟಿಗೆ ಒಪ್ಪುವ ಬಿಯರ್ ಯಾವುದೋ ಅದನ್ನು ಮಾಡಬೇಕು. ಬಾಟಲಿ ತೆರೆದಾಗ ಮೂಗಿಗೆ ಬಡಿಯುವುದು ಮಾಲ್ಟಿಗಿಂತ ಜಾಸ್ತಿ ಯೀಸ್ಟ್ ಮಾಡಿದ ಕೆಲಸವೇ. ಬವೇರಿಯಾದವರು 1516ರಲ್ಲಿ ಬಿಯರಿಗೆ ಬಾರ್ಲಿ, ಹಾಪ್ಸ್, ನೀರು ಮಾತ್ರ ಅಂತ ಕಾನೂನು ಮಾಡಿದಾಗ ಅದರಲ್ಲಿ ಯೀಸ್ಟಿನ ಹೆಸರೇ ಇರಲಿಲ್ಲ. ಒಂದೇ ಕೋಶದಿಂದ ಶುದ್ಧ ತಳಿ ಬೆಳೆಸಲು ಬಂದಿದ್ದು 1883ರಲ್ಲಿ, ಕೋಪನ್‌ಹೇಗನ್‌ನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದ ಎಮಿಲ್ ಕ್ರಿಶ್ಚಿಯನ್ ಹ್ಯಾನ್ಸನ್ ಅವರಿಂದ. ಅದೂ ತಂಪಿನಲ್ಲಿ ಕೆಲಸ ಮಾಡುವ ಲಾಗರ್ ಯೀಸ್ಟೇ.

ಈಗ ನಿಮ್ಮ ಪೊಟ್ಟಣಕ್ಕೆ ಬರೋಣ. ಲಾಗರ್ ಯೀಸ್ಟಿಗೆ 9ರಿಂದ 13 ಡಿಗ್ರಿ ಸೆಲ್ಸಿಯಸ್ ಬೇಕು. ಕೆಲವು ಗಟ್ಟಿ ತಳಿಗಳು 18ರ ತನಕ ಸುಧಾರಿಸಿಕೊಳ್ಳುತ್ತವೆ. ಪುಷ್ಯ ಮಾಸದ ಚಳಿಯಲ್ಲಿ ನಿಮ್ಮೂರಲ್ಲಿ ಬೆಳಗಿನ ಜಾವ 15 ಡಿಗ್ರಿ ಇರಬಹುದು, ಆದರೆ ಮಧ್ಯಾಹ್ನ ಅದು ಎಲ್ಲಿಗೆ ಏರುತ್ತದೆ ಅಂತ ನಿಮಗೇ ಗೊತ್ತು. ಯೀಸ್ಟಿಗೆ ಈ ಏರಿಳಿತವೇ ಆಗುವುದಿಲ್ಲ. ಹಳೇ ಫ್ರಿಜ್‌ಗೆ ಟೆಂಪರೇಚರ್ ಕಂಟ್ರೋಲರ್ ಜೋಡಿಸಿ ವಾರಗಟ್ಟಲೆ ಓಡಿಸುವುದಾದರೆ ಸರಿ. ಮಳೆಗಾಲದ ನಮ್ಮ ಕರೆಂಟ್ ನಂಬಿ ಅದನ್ನು ಮಾಡಿ ಅಂತ ಹೇಳುವ ಧೈರ್ಯ ನನಗಿಲ್ಲ. ಪೊಟ್ಟಣ ಒಡೆಯದೆ ಫ್ರಿಜ್‌ನಲ್ಲಿಡಿ, ಅದರ ಮೇಲಿನ ತಾರೀಕಿನ ತನಕ ಏನೂ ಆಗಲ್ಲ.

ಇನ್ನೊಂದು ವಿಷಯ ಹೊಸಬರು ಲೆಕ್ಕಕ್ಕೆ ತೆಗೆದುಕೊಳ್ಳುವುದೇ ಇಲ್ಲ. ಯೀಸ್ಟ್ ಕೆಲಸ ಮಾಡುವಾಗ ತಾನೇ ಶಾಖ ಹುಟ್ಟಿಸುತ್ತದೆ. ಕೋಣೆ 24 ಡಿಗ್ರಿ ಇದ್ದರೆ ಹುದುಗುವ ಡಬ್ಬದೊಳಗಿನ ಮಾಲ್ಟ್ ರಸ 26, 28 ಕೂಡ ಆಗಬಹುದು. ರುಚಿ ಕೆಡುವುದು ಮೊದಲ ಮೂರು ದಿನಗಳಲ್ಲೇ. ಜಾಸ್ತಿ ಬಿಸಿಯಾದರೆ ನೇಲ್ ಪಾಲಿಶ್ ಒರೆಸುವ ದ್ರವದ ವಾಸನೆ, ಗಂಟಲು ಸುಡುವ ಘಾಟು. ಆಮೇಲೆ ಎಷ್ಟು ತಿಂಗಳು ಇಟ್ಟರೂ ಅದು ಹೋಗುವುದಿಲ್ಲ. ಆದ್ದರಿಂದ ಗೋಡೆಯ ಥರ್ಮಾಮೀಟರ್ ನಂಬಬೇಡಿ. ಡಬ್ಬದ ಹೊರಮೈಗೆ ಅಂಟಿಸುವ ಪಟ್ಟಿ ಸಿಗುತ್ತದೆ, ಅದನ್ನು ನೋಡಿ.

ಜೂನ್‌ನಿಂದ ಸೆಪ್ಟೆಂಬರ್ ತನಕ ನಿಮ್ಮೂರಿನ ಹವೆ ಒಂದೇ ಸಮ ಇರುತ್ತದೆ. ಹಗಲಿಗೂ ಇರುಳಿಗೂ ಹೆಚ್ಚು ವ್ಯತ್ಯಾಸ ಇರಲ್ಲ. ಬಿಸಿಲು ಕಾಣದೆ ಬೇಸರವಾಗುವ ಈ ಕಾಲವೇ, ಲಾಗರಿನಷ್ಟು ತಂಪು ಬೇಡದ ಏಲ್ ಯೀಸ್ಟಿಗೆ ಒಳ್ಳೆಯ ಕಾಲ ಅಂತ ನನ್ನ ಅಭಿಪ್ರಾಯ. ಸೇಫ್‌ಏಲ್ ಯುಎಸ್-05 ಥರದ, ಹೆಚ್ಚು ವಾಸನೆ ಬಿಡದ ಒಣ ಯೀಸ್ಟ್ 18ರಿಂದ 26 ಡಿಗ್ರಿ ತನಕ ಕೆಲಸ ಮಾಡುತ್ತದೆ. ಮೊದಲ ಮೂರು ದಿನ 20–21ರಲ್ಲಿ ಹಿಡಿದರೆ ಬಹಳ ಚೆನ್ನ. ಅದಕ್ಕೆ ಡಬ್ಬವನ್ನು ನೀರಿನ ಟಬ್ಬಿನಲ್ಲಿ ಕೂರಿಸಿ, ಫ್ರೀಜರ್‌ನಲ್ಲಿ ಗಡ್ಡೆ ಕಟ್ಟಿಸಿದ ನೀರಿನ ಬಾಟಲಿಯನ್ನು ಬೆಳಿಗ್ಗೆ ಒಂದು, ಸಂಜೆ ಒಂದು ಹಾಕಿದರೆ ಸಾಕು. ಒದ್ದೆ ಗೋಣಿಚೀಲ ಸುತ್ತಿ ಅಂತ ಕೆಲವರು ಹೇಳುತ್ತಾರೆ. ಶಿವಮೊಗ್ಗ ಪೇಟೆಯ ಮಾರ್ಚ್ ಬಿಸಿಲಿಗೆ ಅದು ಸರಿ. ಆಷಾಢದ ಹೊಸನಗರದಲ್ಲಿ ಹಾಕಿದ ಬಟ್ಟೆಯೇ ನಾಲ್ಕು ದಿನ ಒಣಗಲ್ಲ, ಗೋಣಿ ಒಣಗಿ ತಂಪು ಕೊಡುವುದೆಲ್ಲಿಂದ?

ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಯ ಜೊತೆ ಗುದ್ದಾಡುವುದಕ್ಕಿಂತ ಬಿಸಿ ಬೇಡುವ ಯೀಸ್ಟನ್ನೇ ಹಿಡಿಯಿರಿ. ಪಶ್ಚಿಮ ನಾರ್ವೆಯ ಹಳ್ಳಿಮನೆಗಳಲ್ಲಿ ತಲೆಮಾರಿನಿಂದ ತಲೆಮಾರಿಗೆ ಕೊಟ್ಟುಕೊಂಡು ಬಂದ ಕ್ವೈಕ್ ಅನ್ನುವ ಯೀಸ್ಟ್ ಇದೆ. ಮರದ ಬಳೆಗಳಿಗೆ ಹಚ್ಚಿ ಒಣಗಿಸಿ ಮುಂದಿನ ಸಲಕ್ಕೆ ಇಟ್ಟುಕೊಳ್ಳುತ್ತಿದ್ದರಂತೆ. ಅದರಲ್ಲಿ ವೋಸ್ ಅನ್ನುವ ತಳಿ ಈಗ ಒಣ ಪೊಟ್ಟಣದಲ್ಲಿ ಬರುತ್ತದೆ. 35 ಡಿಗ್ರಿಯಲ್ಲೂ ನೆಮ್ಮದಿಯಾಗಿ ಕೆಲಸ ಮಾಡಿ, ಮೂರು ನಾಲ್ಕು ದಿನಕ್ಕೆ ಮುಗಿಸಿ, ಸಣ್ಣಗೆ ಕಿತ್ತಳೆ ಸಿಪ್ಪೆಯ ಘಮ ಬಿಡುತ್ತದೆ. ಅಷ್ಟು ಚಳಿಯ ದೇಶದ್ದು ನಮ್ಮ ಬೇಸಿಗೆಗೆ ಇಷ್ಟು ಹೊಂದುವುದು ನನಗೆ ಈಗಲೂ ತಮಾಷೆಯಾಗಿ ಕಾಣುತ್ತದೆ. ಬೆಲ್ಜಿಯಂನ ಸೇಸಾನ್ ಯೀಸ್ಟೂ ಬಿಸಿಗೆ ಹೆದರುವುದಿಲ್ಲ. ಆದರೆ ಅದರ ಹಲವು ತಳಿಗಳು ಬೇರೆ ಯೀಸ್ಟ್ ಮುಟ್ಟದ ಸಕ್ಕರೆಯನ್ನೂ ನಿಧಾನಕ್ಕೆ ತಿನ್ನುತ್ತಾ ಹೋಗುತ್ತವೆ. ಮುಗಿಯಿತು ಅಂದುಕೊಂಡು ಬಾಟಲಿಗೆ ತುಂಬಿದರೆ ಒಳಗೇ ಮುಂದುವರಿದು ಬಾಟಲಿ ಸಿಡಿಯಬಹುದು. ಮೊದಲ ಸಲಕ್ಕೆ ಅದು ಬೇಡ. ಬೇಕರಿ ಯೀಸ್ಟ್ ಅಂತೂ ಬೇಡವೇ ಬೇಡ. ಜಾತಿ ಏಲ್ ಯೀಸ್ಟಿನದ್ದೇ ಆದರೂ ಅದನ್ನು ಆರಿಸಿ ಬೆಳೆಸಿರುವುದು ಬ್ರೆಡ್ಡಿಗೆ. ತಳಕ್ಕೆ ಸರಿಯಾಗಿ ಕೂರುವುದಿಲ್ಲ, ಬಿಯರ್ ಕದಡಿದಂತೆಯೇ ಇರುತ್ತದೆ.

ಹಾಪ್ಸ್ ಬಳ್ಳಿಯ ಪ್ರಶ್ನೆ ಓದಿ ಖುಷಿಯಾಯಿತು, ತೋಟದವರಿಗೆ ಬರುವ ಯೋಚನೆಯೇ ಅದು. ಆದರೆ ಬಳ್ಳಿ ಎದ್ದರೂ ಹೂ ಸಿಗುವುದು ಕಷ್ಟ. ಅದಕ್ಕೆ ಬೇಸಿಗೆಯಲ್ಲಿ 15 ಗಂಟೆಗೂ ಮಿಕ್ಕಿದ ಹಗಲು ಬೇಕು, ಚಳಿಗಾಲದಲ್ಲಿ ಬೇರು ಮಲಗುವಷ್ಟು ಶೀತ ಬೇಕು. ಭೂಮಧ್ಯರೇಖೆಯಿಂದ 14 ಡಿಗ್ರಿ ಮೇಲಿರುವ ನಮಗೆ ವರ್ಷದ ಅತಿ ಉದ್ದದ ಹಗಲೇ ಸುಮಾರು 13 ಗಂಟೆ. ಭಾರತದಲ್ಲಿ ಹಾಪ್ಸ್ ಬೆಳೆದಿರುವುದು ಹಿಮಾಚಲದ ಲಾಹೌಲ್ ಕಣಿವೆಯಂಥ ಕಡೆ. ಸಾಲದ್ದಕ್ಕೆ ಮಳೆಯ ತೇವಕ್ಕೆ ಬರುವ ಡೌನಿ ಮಿಲ್ಡ್ಯೂ ಅನ್ನುವ ರೋಗ ಹಾಪ್ಸಿನ ದೊಡ್ಡ ಶತ್ರು. ಅದು ನಿಮ್ಮ ಅಡಿಕೆಯ ಕೊಳೆರೋಗಕ್ಕೆ ದೂರದ ನೆಂಟ. ಈಗಿರುವ ಮರಗಳಿಗೆ ಬೋರ್ಡೋ ದ್ರಾವಣ ಹೊಡೆಯುವುದೇ ಸಾಕಾಗಿದೆ, ಅಲ್ವಾ?

ಹಾಗಾಗಿ ಪುಡಿ ಮಾಡಿ ಗುಳಿಗೆಯಂತೆ ಒತ್ತಿದ, ಪೆಲೆಟ್ ರೂಪದ ಹಾಪ್ಸ್ ಕೊಂಡುಕೊಳ್ಳುವುದೇ ದಾರಿ. ಪೊಟ್ಟಣದ ಮೇಲೆ ಆಲ್ಫಾ ಆಸಿಡ್ ಶೇಕಡಾ ಇಷ್ಟು ಅಂತ ಬರೆದಿರುತ್ತಾರೆ, ಕಹಿಯ ಲೆಕ್ಕ ಅದರಿಂದಲೇ. ಮ್ಯಾಗ್ನಮ್ ಥರದ ತಳಿಯಲ್ಲಿ 12–14 ಇರುತ್ತದೆ, ಕ್ಯಾಸ್ಕೇಡ್‌ನಲ್ಲಿ ಅದರ ಅರ್ಧ. ಕಹಿಗೆ ಹೆಚ್ಚು ಆಲ್ಫಾದ್ದನ್ನು ಸ್ವಲ್ಪ ಹಾಕಿ, ಘಮಕ್ಕೆ ಕಡಿಮೆಯದ್ದನ್ನು ಕೊನೆಯಲ್ಲಿ ಹಾಕಿ. ತೆರೆದ ಪೊಟ್ಟಣದ ಗಾಳಿ ತೆಗೆದು ಬಿಗಿಯಾಗಿ ಕಟ್ಟಿ ಫ್ರೀಜರ್‌ನಲ್ಲಿಡಿ. ಮಗಳು ಬಿಟ್ಟುಹೋದದ್ದನ್ನು ಈಗಲೇ ಒಮ್ಮೆ ಮೂಸಿ ನೋಡಿ. ಹಳೇ ಚೀಸ್ ವಾಸನೆ ಬಂದರೆ ಎಸೆಯಿರಿ.

ಮಾಲ್ಟ್ ಅಂದರೆ ಬಾರ್ಲಿಯನ್ನು ನೆನೆಸಿ, ಮೊಳಕೆ ಬರಿಸಿ, ಹದವಾದ ಬಿಸಿಗಾಳಿಯಲ್ಲಿ ಒಣಗಿಸಿದ್ದು. ಮೊಳಕೆಯಲ್ಲಿ ಹುಟ್ಟಿದ ಕಿಣ್ವಗಳೇ ಮುಂದೆ ಪಿಷ್ಟವನ್ನು ಸಕ್ಕರೆ ಮಾಡುವುದು. ನಮ್ಮ ದೇಶದ ಬಾರ್ಲಿ ರಾಜಸ್ಥಾನ, ಉತ್ತರ ಪ್ರದೇಶ, ಹರಿಯಾಣದ ಕಡೆಯದು. ದಿನಸಿ ಅಂಗಡಿಯಲ್ಲಿ ಗಂಜಿಗೆ ಅಂತ ಸಿಗುವ ಬಾರ್ಲಿ ಮೊಳಕೆ ಬರಿಸಿದ್ದಲ್ಲ, ಸಿಪ್ಪೆಯನ್ನೂ ತೆಗೆದಿರುತ್ತಾರೆ. ಅದು ಇದಕ್ಕೆ ಆಗುವುದಿಲ್ಲ.

ರಾಗಿಯ ವಿಚಾರ. ಮೊಳಕೆ ಕಟ್ಟಿದ ರಾಗಿಯಲ್ಲೂ ಕಿಣ್ವ ಇರುತ್ತದೆ. ಆಫ್ರಿಕದ ಹಲವು ಕಡೆ, ಸಿಕ್ಕಿಮ್‌ನಲ್ಲಿ ರಾಗಿಯಿಂದಲೇ ಪಾನೀಯ ಮಾಡುತ್ತಾರೆ. ಆದರೆ ಮನೆಯಲ್ಲಿ ಘಮ ಬರುವ ತನಕ ಹುರಿದ ರಾಗಿಯಲ್ಲಿ ಕಿಣ್ವ ಸತ್ತಿರುತ್ತದೆ, ಉಳಿಯುವುದು ಪಿಷ್ಟ ಮತ್ತು ರುಚಿ. ಅಂಗಡಿಯ ರಾಗಿ ಮಾಲ್ಟ್ ಡಬ್ಬಿಯಲ್ಲಿ ಸಕ್ಕರೆ, ಹಾಲಿನ ಪುಡಿ, ಏಲಕ್ಕಿ ಎಲ್ಲ ಸೇರಿರುತ್ತದೆ, ಅದನ್ನು ಮುಟ್ಟಲೇಬೇಡಿ. ಇನ್ನೊಂದು ತೊಡಕು, ಬಾರ್ಲಿಗೆ ಇರುವ ಉಮಿ ರಾಗಿಗೆ ಇಲ್ಲ. ರಸ ಸೋಸುವಾಗ ಆ ಉಮಿಯೇ ಜರಡಿ. ರಾಗಿ ಜಾಸ್ತಿಯಾದರೆ ಎಲ್ಲ ಅಂಬಲಿಯಾಗಿ ಕೂರುತ್ತದೆ. ಹತ್ತರಲ್ಲಿ ಒಂದು ಪಾಲು ಹಾಕಿ, ಮೊಳಕೆ ಬರಿಸಿ ಬಿಸಿಲಲ್ಲಿ ಮಾತ್ರ ಒಣಗಿಸಿದ್ದನ್ನೇ ಹಾಕಿ.

ಅಕ್ಕಿಯಾದರೆ ಮೊದಲು ಗಂಜಿಯಷ್ಟು ಮೆತ್ತಗೆ ಬೇಯಿಸಬೇಕು, ಇಲ್ಲದಿದ್ದರೆ ಪಿಷ್ಟ ಬಿಟ್ಟುಕೊಡುವುದಿಲ್ಲ. ಆ ರಗಳೆ ಯಾಕೆ? ದಪ್ಪ ಅವಲಕ್ಕಿ ಇದೆಯಲ್ಲ! ಬತ್ತ ನೆನೆಸಿ, ಹುರಿದು, ಕುಟ್ಟಿ ಮಾಡಿದ್ದು ಅದು, ಪಿಷ್ಟ ಆಗಲೇ ಬೆಂದಿರುತ್ತದೆ. ನೇರ ಮಾಲ್ಟಿನ ಜೊತೆ ಸುರಿದರಾಯಿತು. ಬಿಯರ್ ತಿಳಿಯಾಗಿ, ಹಗುರಾಗಿ ಬರುತ್ತದೆ. ನಮ್ಮ ಹವೆಗೆ ಅದೇ ಚೆಂದ. ಬೆಲ್ಲ ಹಾಕಿದರೆ ಆಲ್ಕೋಹಾಲ್ ಏರುತ್ತದೆ, ಬಿಯರ್ ತೆಳ್ಳಗಾಗುತ್ತದೆ, ಬೆಲ್ಲದ ಸಿಹಿ ಮಾತ್ರ ಉಳಿಯುವುದಿಲ್ಲ.

ಮಳೆಗಾಲದಲ್ಲಿ ಮಾಲ್ಟ್ ತರಿಸಿದರೆ ಆ ದಿನವೇ ಬಿಗಿ ಮುಚ್ಚಳದ ಸ್ಟೀಲ್ ಡಬ್ಬಕ್ಕೆ ಹಾಕಿ. ಒಂದು ಕಾಳು ಹಲ್ಲಲ್ಲಿ ಕಚ್ಚಿ, ಕಟುಂ ಅನ್ನಬೇಕು. ಮೆತ್ತಗೆ ನಮಲಿದರೆ ತೇವ ಎಳೆದಿದೆ ಅಂತ. ಒಡೆಸುವುದನ್ನು ಗಿರಣಿಯಲ್ಲೇ ಮಾಡಿಸಬಹುದು. ಕಲ್ಲು ಸಡಿಲ ಮಾಡಿ, ಕಾಳು ಮೂರು ನಾಲ್ಕು ಚೂರಾಗಿ ಉಮಿ ಇಡಿಯಾಗಿ ಉಳಿಯುವಂತೆ ಕೇಳಿ. ಮೆಣಸಿನಪುಡಿ ಮಾಡಿದ ಹಿಂದೆಯೇ ಬೇಡ. ಮಿಕ್ಸಿಯಲ್ಲಿ ಹಾಕಿದರೆ ಹಿಟ್ಟಾಗುತ್ತದೆ.

ನೀರಿನ ವಿಷಯದಲ್ಲಿ ನಾವು ಅದೃಷ್ಟವಂತರು. ತುಂಗಾ ಪಾನ ಅಂತ ಸುಮ್ನೆ ಹೇಳಿಲ್ಲ. ಮಲೆನಾಡಿನ ನೀರು ಸಾಮಾನ್ಯವಾಗಿ ಮೆದು, ತಿಳಿ ಬಣ್ಣದ ಬಿಯರಿಗೆ ಹೇಳಿ ಮಾಡಿಸಿದ್ದು. ಸುಣ್ಣದ ಅಂಶ ಕಡಿಮೆ ಇರುವುದರಿಂದ 10 ಲೀಟರಿಗೆ 2 ಗ್ರಾಂ ಆಹಾರ ದರ್ಜೆಯ ಜಿಪ್ಸಮ್ ಹಾಕಿದರೆ ಕಹಿ ಗರಿಗರಿಯಾಗುತ್ತದೆ. ಬಾವಿ ಜಂಬಿಟ್ಟಿಗೆ ಕಲ್ಲಿನಲ್ಲಿ ತೋಡಿದ್ದಾದರೆ ಕಬ್ಬಿಣ ಇದೆಯಾ ನೋಡಿ. ಬಿಂದಿಗೆಯಲ್ಲಿ ಕೆಂಪು ಕಲೆ ಕಟ್ಟುತ್ತಿದ್ದರೆ ಆ ನೀರು ಬೇಡ, ಬಿಯರಿನಲ್ಲಿ ರಕ್ತದ ರುಚಿ ಬರುತ್ತದೆ. ಪೇಟೆಯ ನಲ್ಲಿ ನೀರಾದರೆ ಮೊದಲು ಕುದಿಸಿ ಕ್ಲೋರಿನ್ ಕಳೆಯಬೇಕು, ಇಲ್ಲದಿದ್ದರೆ ಆಸ್ಪತ್ರೆಯ ಔಷಧಿ ವಾಸನೆ ಬರುತ್ತದೆ.

ಈಗ ಪಾತ್ರೆ. ಅಡಿಕೆ ಬೇಯಿಸುವ ಹಂಡೆ ಬೇಡ. ವರ್ಷಗಟ್ಟಲೆ ಚೊಗರು, ಅಂದರೆ ಅಡಿಕೆ ಬೇಯಿಸಿದ ಒಗರು ನೀರು, ಕುಡಿದ ಪಾತ್ರೆ ಅದು. ಎಷ್ಟು ಉಜ್ಜಿದರೂ ಸಂದಿಯಲ್ಲಿ ಒಗರು ಉಳಿದಿರುತ್ತದೆ. ತಾಮ್ರ ಅನ್ನುವುದೇ ದೋಷ ಅಂತ ಹೇಳುತ್ತಿಲ್ಲ, ಬ್ರೂವರಿಗಳಲ್ಲಿ ಶತಮಾನಗಟ್ಟಲೆ ಕುದಿಸಿದ್ದು ತಾಮ್ರದಲ್ಲೇ. ಆದರೆ ಹಸಿರು ಕಿಲುಬು ಒಂದು ಚೂರೂ ಇರಬಾರದು. ಹುದುಗು ಬಂದ ಮೇಲಂತೂ ತಾಮ್ರ ತಾಗಲೇಬಾರದು. 18–20 ಲೀಟರಿನ ಸ್ಟೀಲ್ ಪಾತ್ರೆ ಒಂದು ಸಾಕು. ಕಾಳು ಕಟ್ಟಲು ನೈಲಾನ್ ಬಲೆ ಬಟ್ಟೆಯ ದೊಡ್ಡ ಚೀಲ, ಒಳ್ಳೆಯ ಡಿಜಿಟಲ್ ಥರ್ಮಾಮೀಟರ್, ಗ್ರಾಂ ತೋರಿಸುವ ತಕ್ಕಡಿ, ಏರ್‌ಲಾಕ್ (ಒಳಗಿನ ಗಾಳಿ ಹೊರಗೆ ಬಿಟ್ಟು, ಹೊರಗಿನದು ಒಳಗೆ ಬಿಡದ ಕೊಳವೆ) ಇರುವ 15 ಲೀಟರಿನ ಆಹಾರ ದರ್ಜೆಯ ಪ್ಲಾಸ್ಟಿಕ್ ಡಬ್ಬ, ಹೈಡ್ರೋಮೀಟರ್. ಅಪ್ಪೆಮಿಡಿ ಹಾಕಿದ್ದ ಡ್ರಮ್ ಮನೆಯಲ್ಲಿ ಖಾಲಿ ಇದೆ ಅಂತ ಅದಕ್ಕೆ ಕೈ ಹಾಕಬೇಡಿ. ಪ್ಲಾಸ್ಟಿಕ್ಕಿಗೆ ಒಮ್ಮೆ ಹಿಡಿದ ಉಪ್ಪಿನಕಾಯಿ ವಾಸನೆ ಹೋಗುವುದಿಲ್ಲ.

ಹೈಡ್ರೋಮೀಟರ್ ಅಂದರೆ ಹಾಲಿನ ಸೊಸೈಟಿಯ ಲ್ಯಾಕ್ಟೋಮೀಟರಿನ ಅಣ್ಣ. ಬರೀ ನೀರನ್ನು 1.000 ಅಂತ ಹಿಡಿದು, ರಸ ಅದಕ್ಕಿಂತ ಎಷ್ಟು ಗಟ್ಟಿ ಅಂತ ತೇಲಿ ತೋರಿಸುತ್ತದೆ. ಲ್ಯಾಕ್ಟೋಮೀಟರೇ ಸಾಕಲ್ಲ ಅನ್ನಬೇಡಿ, ಅದರ ಅಳತೆ 1.040ಕ್ಕೆ ನಿಂತುಬಿಡುತ್ತದೆ, ನಿಮಗೆ ಅದಕ್ಕೂ ಮೇಲೆ ಬೇಕು. ಹುದುಗಿಗೆ ಮೊದಲು 1.047 ಇದ್ದು ಕೊನೆಗೆ 1.010ಕ್ಕೆ ಇಳಿದರೆ, ಎರಡರ ವ್ಯತ್ಯಾಸವನ್ನು 131ರಿಂದ ಗುಣಿಸಿ. ಶೇಕಡಾ 5ಕ್ಕೆ ಸ್ವಲ್ಪ ಕಡಿಮೆ ಆಲ್ಕೋಹಾಲ್ ಅಂತ ಸಿಗುತ್ತದೆ.

10 ಲೀಟರಿಗೆ ಒಂದು ಲೆಕ್ಕ ಕೊಡುತ್ತೇನೆ. ಪೇಲ್ (ತಿಳಿ ಬಣ್ಣದ) ಮಾಲ್ಟ್ 1.9 ಕಿಲೋ, ದಪ್ಪ ಅವಲಕ್ಕಿ 250 ಗ್ರಾಂ, ಬಣ್ಣಕ್ಕೆ ಕ್ಯಾರಮೆಲ್ ಮಾಲ್ಟ್ 100 ಗ್ರಾಂ. ಆರೂವರೆ ಲೀಟರ್ ನೀರನ್ನು 72 ಡಿಗ್ರಿಗೆ ಕಾಯಿಸಿ, ಒಲೆ ಆರಿಸಿ, ಚೀಲ ಇಳಿಬಿಟ್ಟು ಕಾಳು ಸುರಿಯಿರಿ. ಗಂಟು ಕಟ್ಟದಂತೆ ತಿರುವಿದಾಗ 66 ಡಿಗ್ರಿಗೆ ಬಂದು ನಿಲ್ಲಬೇಕು. 62ಕ್ಕೆ ಇಳಿದರೆ ಬಿಯರ್ ಒಣ ಒಣ, 70ಕ್ಕೆ ಏರಿದರೆ ಸಿಹಿ ಉಳಿದು ಮಂದ. ಮುಚ್ಚಿ ಕಂಬಳಿ ಹೊದಿಸಿ ಒಂದು ಗಂಟೆ ಬಿಡಿ.

ಈ ಒಂದು ಗಂಟೆಯಲ್ಲಿ ಆಗುವುದನ್ನು ಕಣ್ಣಾರೆ ನೋಡಬಹುದು. ಶುರುವಿನಲ್ಲಿ ಒಂದು ಚಮಚ ತಿಳಿ ರಸವನ್ನು ಬಿಳಿ ತಟ್ಟೆಗೆ ಹಾಕಿ, ಮೆಡಿಕಲ್ ಶಾಪಿನ ಟಿಂಚರ್ ಅಯೋಡಿನ್ ಒಂದು ಹನಿ ಬಿಡಿ. ಕಡು ನೀಲಿ ಕಪ್ಪಾಗುತ್ತದೆ, ಪಿಷ್ಟ ಇನ್ನೂ ಇದೆ. ಗಂಟೆ ಕಳೆದ ಮೇಲೆ ಮತ್ತೆ ಹಾಗೇ ಮಾಡಿದರೆ ಅಯೋಡಿನ್ ತನ್ನ ಕಂದು ಬಣ್ಣದಲ್ಲೇ ಉಳಿಯುತ್ತದೆ. ಪಿಷ್ಟವೆಲ್ಲ ಸಕ್ಕರೆಯಾಯಿತು ಅಂತ ಅರ್ಥ. ರಸದಲ್ಲಿ ಉಮಿಯ ಚೂರು ಬಂದರೆ ಅದು ಯಾವಾಗಲೂ ಕಪ್ಪಾಗುತ್ತದೆ, ಅದನ್ನು ನೋಡಿ ಗಾಬರಿಯಾಗಬೇಡಿ. ತಟ್ಟೆಯದ್ದನ್ನು ಪಾತ್ರೆಗೆ ವಾಪಸ್ ಸುರಿಯಬೇಡಿ.

ಆಮೇಲೆ ಚೀಲ ಎತ್ತಿ, 75 ಡಿಗ್ರಿಯ ಎಂಟು ಲೀಟರ್ ನೀರಿನಿಂದ ನಿಧಾನಕ್ಕೆ ತೊಳೆಯಿರಿ. ಇದಕ್ಕಿಂತ ಬಿಸಿ ನೀರು ಹಾಕಿದರೆ ಉಮಿಯ ಒಗರು ಇಳಿಯುತ್ತದೆ, ಚೊಗರು ಕಂಡ ನಿಮಗೆ ಆ ರುಚಿ ವಿವರಿಸಬೇಕಿಲ್ಲ. ಹನ್ನೆರಡು, ಹನ್ನೆರಡೂವರೆ ಲೀಟರ್ ಸಿಕ್ಕ ಮೇಲೆ ಒಂದು ಗಂಟೆ ಜೋರಾಗಿ ಕುದಿಸಿ. ಮುಚ್ಚಳ ಹಾಕಬೇಡಿ, ಬೆಂದ ಎಲೆಕೋಸಿನ ವಾಸನೆ ಆವಿಯ ಜೊತೆ ಹೋಗಬೇಕು. ಮೊದಲ ಕುದಿಯಲ್ಲಿ ನೊರೆ ಉಕ್ಕುತ್ತದೆ, ಅಲ್ಲಿಂದ ಕದಲಬೇಡಿ. ಕುದಿ ಶುರುವಾದಾಗ ಮ್ಯಾಗ್ನಮ್ 7 ಗ್ರಾಂ, ಮುಗಿಯಲು ಹತ್ತು ನಿಮಿಷ ಇರುವಾಗ ಕ್ಯಾಸ್ಕೇಡ್ 10 ಗ್ರಾಂ, ಒಲೆ ಆರಿಸಿದಾಗ ಇನ್ನೊಂದು 10 ಗ್ರಾಂ. ನಿಮ್ಮಲ್ಲಿರುವ ಹಾಪ್ಸ್ ಬೇರೆಯಾದರೆ ಆಲ್ಫಾ ನೋಡಿ ತೂಕ ಹೆಚ್ಚು ಕಡಿಮೆ ಮಾಡಿಕೊಳ್ಳಿ.

ಇಲ್ಲಿಂದ ಮುಂದೆ ಮಡಿ. ಒಲೆ ಆರಿದ ಮೇಲೆ ರಸಕ್ಕೆ ತಾಗುವ ಸೌಟು, ಡಬ್ಬ, ಪೈಪು ಎಲ್ಲವನ್ನೂ ಮೊದಲು ವಾಷಿಂಗ್ ಸೋಡದಲ್ಲಿ ತೊಳೆದು, ಆಮೇಲೆ ಫಾಸ್ಫಾರಿಕ್ ಆಸಿಡ್ ಇರುವ ಬ್ರೂವಿಂಗ್ ಸ್ಯಾನಿಟೈಸರಿನಲ್ಲಿ ಅದ್ದಿ ತೆಗೆಯಿರಿ. ಮಳೆಗಾಲದ ಗಾಳಿಯಲ್ಲಿ ಬೂಷ್ಟಿನ ಬೀಜ ತುಂಬಿರುತ್ತದೆ, ಪಾತ್ರೆ ಮುಚ್ಚಿಯೇ ತಣಿಸಿ. ಬಾವಿ ನೀರು ತುಂಬಿದ ಟಬ್ಬಿನಲ್ಲಿಟ್ಟು ನೀರು ಬದಲಿಸುತ್ತಾ, ಕೊನೆಗೆ ಐಸ್ ಹಾಕಿ ಅರ್ಧ ಗಂಟೆಯಲ್ಲಿ 20 ಡಿಗ್ರಿಗೆ ತನ್ನಿ. ಡಬ್ಬಕ್ಕೆ ಎತ್ತರದಿಂದ ಸುರಿಯಿರಿ, ಯೀಸ್ಟಿಗೆ ಶುರುವಿನಲ್ಲಿ ಮಾತ್ರ ಗಾಳಿ ಬೇಕು. 5–6 ಗ್ರಾಂ ಯೀಸ್ಟ್ ಉದುರಿಸಿ ಮುಚ್ಚಿ. ಮಾರನೇ ದಿನ ಏರ್‌ಲಾಕ್ ಗುಳುಗುಳು ಅನ್ನದಿದ್ದರೆ ತೆರೆದು ನೋಡುವ ಚಪಲ ಬೇಡ.

ಹತ್ತು ದಿನದ ನಂತರ ಹೈಡ್ರೋಮೀಟರ್ ಇಳಿಸಿ. ಎರಡು ದಿನ ಬಿಟ್ಟು ಮತ್ತೆ ಇಳಿಸಿ. ಎರಡೂ ಸಲ ಒಂದೇ ಅಂಕಿ ಬಂದರೆ ಮಾತ್ರ ಬಾಟಲಿ. ಗುಳುಗುಳು ನಿಂತಿದೆ ಅಂತ ತುಂಬುವವರ ಮನೆಯಲ್ಲೇ ಗಾಜು ಸಿಡಿಯುವುದು. ಲೀಟರಿಗೆ ಆರು ಗ್ರಾಂ ಸಕ್ಕರೆ ಲೆಕ್ಕದಲ್ಲಿ 10 ಲೀಟರಿಗೆ 60 ಗ್ರಾಂ, ಸ್ವಲ್ಪ ನೀರಲ್ಲಿ ಕುದಿಸಿ ತಣಿಸಿ ಬೆರೆಸಿ. ಕಂದು ಗಾಜಿನ ಬಾಟಲಿಯೇ ಬೇಕು. ಹಸಿರು ಗಾಜಿನೊಳಗೆ ಬೆಳಕು ಹೋಗಿ ಹಾಪ್ಸ್ ಕೆಟ್ಟ ವಾಸನೆ ಬಿಡುತ್ತದೆ. ಒಂದನ್ನು ಮಾತ್ರ ಪ್ಲಾಸ್ಟಿಕ್ ಸೋಡಾ ಬಾಟಲಿಗೆ ತುಂಬಿ ಜೊತೆಯಲ್ಲಿಡಿ. ದಿನಾ ಅದನ್ನು ಹಿಚುಕಿ ನೋಡಿ. ಕಲ್ಲಿನಂತೆ ಗಟ್ಟಿಯಾದಾಗ ಉಳಿದವೂ ಆಗಿವೆ ಅಂತ ಗೊತ್ತಾಗುತ್ತದೆ, ಎರಡು ವಾರದೊಳಗೆ ಆಗುತ್ತದೆ. ಆಮೇಲೆ ಎಲ್ಲವೂ ಫ್ರಿಜ್‌ಗೆ.

ನೀವು ಕೇಳದೇ ಇದ್ದರೂ ಒಂದು ಮಾತು. ಚೀಲದಲ್ಲಿ ಉಳಿಯುವ ಮಾಲ್ಟಿನ ಚರಟ ದನಕ್ಕೆ ಒಳ್ಳೆಯ ಮೇವು. ಸಂಜೆಯೊಳಗೆ ಹಾಕಿಬಿಡಿ, ನಮ್ಮ ಹವೆಯಲ್ಲಿ ಮಾರನೇ ದಿನಕ್ಕೆ ಹುಳಿಯಾಗುತ್ತದೆ. ಕುದಿಸಿದ ಪಾತ್ರೆಯ ತಳದಲ್ಲಿ ಉಳಿಯುವ ಹಾಪ್ಸ್ ಗಸಿ ಮಾತ್ರ ನಾಯಿಗೆ ವಿಷ, ಮೈ ವಿಪರೀತ ಕಾದು ಸಾಯಬಹುದು. ಅದನ್ನು ಹಿತ್ತಿಲಿಗೆ ಚೆಲ್ಲದೆ ಗೊಬ್ಬರದ ಗುಂಡಿಗೆ ಹಾಕಿ, ಮೇಲೆ ಮಣ್ಣು ಎಳೆಯಿರಿ.